ಒಂದೇ ಓಣಿಯ ಎರಡು ಕಾರು

ನಮ್ಮ ಟ್ರಸ್ಟಿಗೆ ಇಂಗಾಲದ ಲೆಕ್ಕ ಅಂಟಿಕೊಂಡದ್ದು ಒಂದು ಸೋರುವ ಮಾಳಿಗೆಯ ದೆಸೆಯಿಂದ. ಪುಣೆಯ ಹಳೆಯ ಪೇಟೆಯೊಳಗೆ ಒಂದು ಧರ್ಮಶಾಲೆ ಇದೆ. ಹಿಂದೆ ಕನ್ನಡ ಸೀಮೆಯ ನಮ್ಮ ಕಡೆಯ ವ್ಯಾಪಾರಿಗಳು ಸರಕು ತಂದಾಗ ಇಳಿದುಕೊಳ್ಳಲೆಂದು ಕಟ್ಟಿಸಿದ್ದು. ಸಾಗವಾನಿ ಕಂಬ, ಸುಣ್ಣದ ಗಚ್ಚಿನ ಮಾಳಿಗೆ, ತಲೆ ಬಗ್ಗಿಸದಿದ್ದರೆ ಹಣೆ ಒಡೆಯುವ ಬಾಗಿಲು. ಹಳೆಯ ಕಟ್ಟಡಗಳನ್ನು ಉಳಿಸುವ ಸಣ್ಣ ಟ್ರಸ್ಟ್ ನಮ್ಮದು. ಆಫೀಸು ಈ ಧರ್ಮಶಾಲೆಯ ಕೆಳಗಿನ ಕೋಣೆಗಳಲ್ಲಿ. ನಾನು ಅಲ್ಲಿಯ ಮ್ಯಾನೇಜರ್. ಮ್ಯಾನೇಜರ್ ಎಂದರೆ ಪತ್ರ ಬರೆಯುವವಳು, ಗಾರೆ ಕೆಲಸದ ಗೌಂಡಿಗಳನ್ನು ಕರೆಸುವವಳು, ಚಹಾ ಹೇಳುವವಳು, ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಕೈಗೆ ಸಿಗುವವಳು.

ಮಾಳಿಗೆಯ ದುರಸ್ತಿಗೆ ಹಣ ಕೊಡಲು ಮುಂಬಯಿಯ ಒಂದು ದಾನಿ ಸಂಸ್ಥೆ ಒಪ್ಪಿತು. ಒಪ್ಪಿದ ಮೇಲೆ ಒಂದು ಷರತ್ತು ಹಾಕಿತು. ನಿಮ್ಮ ಕೆಲಸದಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಎಂದು ಲೆಕ್ಕ ಹಾಕಬೇಕು, ಅದನ್ನು ಇಳಿಸುವ ಗುರಿ ಇಟ್ಟುಕೊಳ್ಳಬೇಕು, ಮುಖ್ಯ ಟ್ರಸ್ಟಿಗಳಾದ ಅಧ್ಯಕ್ಷರು, ಖಜಾಂಚಿ ಇಬ್ಬರೂ ಅದಕ್ಕೆ ಒಪ್ಪಿರಬೇಕು. ನಾನು ಇದನ್ನು ಮೀಟಿಂಗಿನಲ್ಲಿ ಓದಿ ಹೇಳಿದೆ. ಅಧ್ಯಕ್ಷರಿಗೆ ಮೈ ಉರಿಯಿತು.

"ನಾವೇನು ಫ್ಯಾಕ್ಟರಿ ನಡಸ್ತೀವೇನು ತಂಗಿ? ಹಳೀ ಮನಿ ಉಳಸವ್ರು ನಾವು. ಹೊಗಿ ಬಿಡವ್ರು ಬ್ಯಾರೇನ ಅದಾರ," ಎಂದು ಎದುರಿನ ಕುರ್ಚಿಯತ್ತ ಕಣ್ಣು ಹೊರಳಿಸಿದರು. ಆ ಕುರ್ಚಿಯಲ್ಲಿದ್ದ ಖಜಾಂಚಿಯವರು ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ಅವರು ಅಧ್ಯಕ್ಷರ ಮುಖ ನೋಡದೆ ನನ್ನ ಕಡೆ ತಿರುಗಿದರು.

"ಅವ್ರಿಗೆ ಹೇಳ್ರಿ ಬಾಯಾರ, ಫ್ಯಾಕ್ಟರಿ ಹೊಗಿ ಚಿಮಣಿಯಿಂದ ಹೋಗ್ತದ, ಬಾಯಿಂದ ಅಲ್ಲಂತ."

ನಾನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಇಬ್ಬರ ನಡುವೆ ಒಂದು ಮೇಜು, ಅದರ ಮೇಲೆ ಒಂದು ಚುರಮುರಿ ತಟ್ಟೆ, ಅಷ್ಟೇ. ಆದರೂ ಅವರು ಒಬ್ಬರಿಗೊಬ್ಬರು ನೇರವಾಗಿ ಮಾತಾಡುತ್ತಿರಲಿಲ್ಲ. ಏನೇ ಇದ್ದರೂ ನನಗೆ ಹೇಳಬೇಕು, ನಾನು ಎರಡನೆಯ ಸಲ ಹೇಳಬೇಕು, ಆಗಲೇ ಅದು ಮುಟ್ಟಿದಂತೆ. ಒಮ್ಮೆ ನೆಗಡಿಯಿಂದ ನನ್ನ ದನಿ ಬಿದ್ದುಹೋಗಿ ಮೀಟಿಂಗನ್ನೇ ಮುಂದೂಡಬೇಕಾಯಿತು.

ಅಧ್ಯಕ್ಷರನ್ನು ನಾನು ಕಾಕಾ ಎನ್ನುತ್ತೇನೆ. ಅವರು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದೊಡ್ಡ ವ್ಯಾಪಾರಿಯಾಗಿದ್ದವರು. ನನ್ನ ಅಪ್ಪ ಅಲ್ಲಿಯೇ ಇನ್ನೊಂದು ಅಂಗಡಿಯಲ್ಲಿ ಗುಮಾಸ್ತರು. ಚಿಕ್ಕಂದಿನಲ್ಲಿ ನಾನು ಹೋದಾಗಲೆಲ್ಲ ಕಾಕಾ ಬೆಲ್ಲದ ಪೆಂಟೆಯಿಂದ ಒಂದು ಚೂರು ಒಡೆದು ಕೊಡುತ್ತಿದ್ದರು. ಆ ಬೆಲ್ಲವೇ ಅವರನ್ನು ಹಳೆಯ ಕಟ್ಟಡಗಳ ಕಡೆಗೆ ಎಳೆತಂದದ್ದು. ಹಿಂದಿನವರು ಗಚ್ಚಿಗೆ ಸುಣ್ಣ ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುತ್ತಿದ್ದರೆಂದು ಯಾರೋ ಹೇಳಿದ್ದೇ ತಡ, ಪುಣೆಯ ಎಲ್ಲ ಹಳೆಯ ಗೋಡೆಗಳೂ ತಮ್ಮ ಬೆಲ್ಲದಿಂದಲೇ ನಿಂತಿವೆ ಎಂಬಷ್ಟು ಹೆಮ್ಮೆ ಅವರಿಗೆ ಬಂದುಬಿಟ್ಟಿತು. ನಮ್ಮ ಕೆಲಸಕ್ಕೆ ಬೇಕಾದ ಬೆಲ್ಲವೆಲ್ಲ ಅವರದೇ. ಗೌಂಡಿಗಳು ಅದರಲ್ಲಿ ಒಂದಿಷ್ಟನ್ನು ಬಾಯಿಗೆ ಹಾಕಿಕೊಳ್ಳುವುದೂ ಅವರಿಗೆ ಗೊತ್ತು.

ಹೀಗಿರುವಾಗ, ಈ ಲೆಕ್ಕದ ಮಾತು ಬರುವ ಮೊದಲು, ಒಂದು ಮಳೆಗಾಲದಲ್ಲಿ ಕಾಕಾ ಯಾರದೋ ಮದುವೆಗೆಂದು ಊರಿಗೆ ಹೋದರು. ಇಲ್ಲಿ ಮಳೆ ಕಿತ್ತುಕೊಂಡು ಸುರಿಯಿತು, ಮಾಳಿಗೆ ಸೋರಿತು. ಎಂಜಿನಿಯರ್ ಸಾಹೇಬರು ಕೊಡೆ ಹಿಡಿದು ಮೇಲೆ ಹತ್ತಿದರು, ನೋಡಿದರು, ಕೆಳಗಿಳಿದು ಒಂದು ಚೀಲ ಸಿಮೆಂಟ್ ತರಿಸಿ ಬಿರುಕಿಗೆ ಮೆತ್ತಿಸಿದರು. ನಮ್ಮ ಕಸುಬಿನಲ್ಲಿ ಸುಣ್ಣದ ಗಚ್ಚಿನ ಮೇಲೆ ಸಿಮೆಂಟ್ ಹಾಕುವುದೆಂದರೆ ಮಡಿಯ ಅಡಿಗೆಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋದಂತೆ. ಕಾಕಾ ತಿರುಗಿ ಬಂದು ಮಾಳಿಗೆಯ ಮೇಲಿನ ಆ ಬೂದಿಬಣ್ಣದ ತೇಪೆ ನೋಡಿದರು. "ಹಳೀ ಗಚ್ಚಿಗೆ ಸಿಮೆಂಟ್ ಬಡದ ಮನಷ್ಯಾನ ಜೋಡಿ ನಾ ಒಂದ ಗಾಡಿಯೊಳಗ ಕುಂದ್ರಂಗಿಲ್ಲ," ಎಂದರು. ಅಂದಿನಿಂದ ಕುಳಿತಿರಲಿಲ್ಲ.

ಇಬ್ಬರ ಮನೆ ಇರುವುದು ಬಿಬವೇವಾಡಿಯ ಒಂದೇ ಓಣಿಯಲ್ಲಿ. ಮೊದಲು ಒಂದೇ ಕಾರಿನಲ್ಲಿ ಬರುತ್ತಿದ್ದವರು ಈಗ ಎರಡು ಕಾರು ಹೊರಡಿಸುತ್ತಿದ್ದರು. ಒಂದರ ಹಿಂದೊಂದು ಹೊರಟು, ಒಂದೇ ಸಿಗ್ನಲ್ಲಿನಲ್ಲಿ ನಿಂತು, ಎರಡೂ ಬಂದು ಧರ್ಮಶಾಲೆಯ ಮುಂದಿನ ಇಕ್ಕಟ್ಟು ಗಲ್ಲಿಯಲ್ಲಿ ಸಿಕ್ಕಿಬೀಳುತ್ತಿದ್ದವು. ಪ್ರತಿಯೊಂದರ ಹಿಂದಿನ ಸೀಟಿನಲ್ಲಿ ಒಬ್ಬೊಬ್ಬರು ಮುದುಕರು ಮುಖ ಗಂಟಿಕ್ಕಿಕೊಂಡು ಕುಳಿತಿರುತ್ತಿದ್ದರು. ಇಬ್ಬರ ಡ್ರೈವರುಗಳು ಮಾತ್ರ ಜೀವದ ಗೆಳೆಯರು. ಸಾಹೇಬರುಗಳು ಒಳಗೆ ಬಂದೊಡನೆ ಅವರಿಬ್ಬರೂ ಒಂದೇ ಕಾರಿನಲ್ಲಿ ಕುಳಿತು ಹಾಡು ಹಚ್ಚುತ್ತಿದ್ದರು.

ಇದನ್ನೆಲ್ಲ ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ನನಗೆ ಕಾಕಾರನ್ನು ನೋಡಿದರೆ ಸಂಕಟವಾಗುತ್ತಿತ್ತು. ಅವರ ಹೆಂಡತಿ ಕಾಕೂ ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಗಿತ್ತು. ಮಗ ಸೊಸೆ ಒಳ್ಳೆಯವರೇ. ಸೊಸೆ ಮರಾಠಿಯವಳು, ಮಾವನ ಊಟ, ಗುಳಿಗೆ ಎಲ್ಲ ಹೊತ್ತಿಗೆ ಸರಿಯಾಗಿ ನೋಡುತ್ತಾಳೆ. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡಿ ಮರಾಠಿಯಲ್ಲಿ ಅಳುತ್ತಾರೆ. ಕಾಕಾ ಜನ್ಮವೆಲ್ಲ ಮರಾಠಿಯಲ್ಲಿ ವ್ಯಾಪಾರ ಮಾಡಿದವರು, ಆದರೆ ಮನಸಾರೆ ಬೈಯಲು, ಹೊಟ್ಟೆ ಹಿಡಿದು ನಗಲು, ಊರಿನವರ ಸುದ್ದಿ ಮೆಲ್ಲಲು ಅವರಿಗೆ ಕನ್ನಡವೇ ಆಗಬೇಕು. ಅದಕ್ಕೆ ಇದ್ದವರು ಎಂಜಿನಿಯರ್ ಸಾಹೇಬರೊಬ್ಬರೇ. ಅವರ ಊರು ಕಾಕಾರ ಊರಿನ ಪಕ್ಕದ್ದು. ನಾನು ಪುಣೆಯಲ್ಲೇ ಹುಟ್ಟಿದವಳು, ಅವರ ಊರಿನ ಯಾವ ಗೌಡ ಯಾವ ಬಾವಿಗೆ ಬಿದ್ದ ಎಂಬುದು ನನಗೇನು ಗೊತ್ತು? ಕಾಕಾ ನನ್ನ ಮುಂದೆ ಒಂದು ಸುದ್ದಿ ತೆಗೆಯುತ್ತಿದ್ದರು, ನಾನು ತಪ್ಪಾದ ಜಾಗದಲ್ಲಿ ನಗುತ್ತಿದ್ದೆ, ಅವರು "ಇರ್ಲಿ ಬಿಡು" ಎಂದು ಸುಮ್ಮನಾಗುತ್ತಿದ್ದರು. ಈ ಇಂಗಾಲದ ಜಗಳದಲ್ಲಿ ಇಬ್ಬರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರೆ ಕಾಕಾ ಎಂಜಿನಿಯರರ ಮುಖ ನೋಡುವುದೂ ತಪ್ಪುತ್ತದೆ, ಮನೆಯಲ್ಲಿ ಕುಳಿತು ಮೂಕರಾಗುತ್ತಾರೆ ಎಂಬ ಹೆದರಿಕೆ ನನಗಿತ್ತು.

ಲೆಕ್ಕ ಹಾಕಲು ದಾನಿ ಸಂಸ್ಥೆ ಒಬ್ಬ ಹುಡುಗಿಯನ್ನು ಕಳಿಸಿತು. ಬೆಂಗಳೂರಿನವಳು, ಪುಣೆಯಲ್ಲಿ ಪರಿಸರ ಸಲಹೆಗಾರ್ತಿ. "ನೀವೆಲ್ಲ ಕನ್ನಡದವ್ರಾ ಮೇಡಂ? ಸೂಪರ್!" ಎಂದು ಕುಣಿಯುವಂತೆ ಬಂದಳು. ಕಾಕಾ ನನ್ನ ಕಿವಿಯಲ್ಲಿ, "ಇವರ ಕನ್ನಡ ಭಾಳ ಮೆತ್ತಗ ಅದ, ಹಲ್ಲಿಗೆ ಹತ್ತೂದ ಇಲ್ಲ," ಎಂದರು.

ಅವಳು ವಿದ್ಯುತ್ತು, ಚಹಾದ ಗ್ಯಾಸು, ಮರ ತರುವ ಲಾರಿ ಎಲ್ಲ ಕೇಳಿ ಸುಣ್ಣಕ್ಕೆ ಬಂದಳು. "ಸುಣ್ಣದ ಕಲ್ಲು ಸುಡೋವಾಗ ತುಂಬಾ ಕಾರ್ಬನ್ ಬರತ್ತೆ ಸರ್."

ಕಾಕಾ ಎದೆಯ ಮೇಲೆ ಕೈ ಇಟ್ಟುಕೊಂಡರು. "ಸುಣ್ಣಾನೂ?"

"ಹೌದು ಸರ್. ಆದ್ರೆ ಗೋಡೆಗೆ ಹಚ್ಚಿದ್ಮೇಲೆ ನಿಧಾನಕ್ಕೆ ಸ್ವಲ್ಪ ವಾಪಸ್ ಎಳ್ಕೊಳ್ಳತ್ತೆ."

"ಹಂಗ ಹೇಳ್ರಿ! ಬಿಟ್ಟದ್ದು ತಾನ ತಿರುಗಿ ತಗೋತದ. ಮರ್ಯಾದಿಯ ವಸ್ತು. ಸಿಮೆಂಟ್ ತಗೋತದೇನು?"

"ಅದೂ ಸ್ವಲ್ಪ ತಗೊಳ್ಳತ್ತೆ ಸರ್."

ಎಂಜಿನಿಯರ್ ಸಾಹೇಬರು ಮೀಸೆಯೊಳಗೆ ನಕ್ಕರು. ಹುಡುಗಿ ಬೆಲ್ಲಕ್ಕೆ ಬಂದಳು. ಎಲ್ಲಿಂದ ಬರುತ್ತದೆ? ಕೊಲ್ಲಾಪುರದಿಂದ. ಲಾರಿಯಲ್ಲಾ? "ಮತ್ತ ತಲಿ ಮ್ಯಾಲ ಹೊತಗೊಂಡ ಬರ್ತೀವೇನ್ರಿ?" ಎಂದು ಕಾಕಾ ಗುಡುಗಿದರು. ಬೆಲ್ಲದ ಮೇಲೆ ಅನುಮಾನ ಪಟ್ಟವರನ್ನು ಅವರು ಅಷ್ಟು ಸುಲಭವಾಗಿ ಬಿಡುವವರಲ್ಲ.

ಇದೆಲ್ಲ ಕೂಡಿಸಿದ ಮೇಲೆ ಅವಳು ಹುಬ್ಬು ಗಂಟಿಕ್ಕಿ ಲ್ಯಾಪ್‌ಟಾಪ್ ನೋಡಿದಳು. ಸುಣ್ಣ, ಬೆಲ್ಲ, ಮರ ಯಾವುದೂ ದೊಡ್ಡ ಕಳ್ಳನಲ್ಲವಂತೆ. ಎಲ್ಲಕ್ಕಿಂತ ಹೆಚ್ಚು ಹೊಗೆ ಟ್ರಸ್ಟಿಗಳ ಓಡಾಟದ್ದೇ. ಆಫೀಸಿಗೆ ಎರಡು ಕಾರು, ಲೋಣಾವಳಾದ ಬಳಿ ನಾವು ರಿಪೇರಿ ಮಾಡಿಸುತ್ತಿದ್ದ ಹಳೆಯ ದಾರಿಹೋಕರ ಛತ್ರಕ್ಕೆ ಎರಡು ಕಾರು, ಎಲ್ಲಿಗೆ ಹೋದರೂ ಎರಡು ಕಾರು. "ಇಬ್ರೂ ಒಂದೇ ರೋಡಲ್ಲಿ ಇರೋದಲ್ವಾ? ಮತ್ತೆ ಯಾಕೆ ಸರ್ ಎರಡು ಕಾರು?" ಎಂದು ಮುಗ್ಧವಾಗಿ ಕೇಳಿಬಿಟ್ಟಳು.

ಆ ಕೋಣೆಯಲ್ಲಿ ಯಾರೂ ಆಡಬಾರದೆಂದಿದ್ದ ಮಾತು ಅದೊಂದೇ. ಎಂಜಿನಿಯರ್ ಸಾಹೇಬರು ತೊಲೆ ನೋಡತೊಡಗಿದರು. ಕಾಕಾ ಮಾತು ಬದಲಿಸಲು ಮೇಲೆ ಬೊಟ್ಟು ಮಾಡಿದರು. "ಅದು ಬಿಡ್ರಿ. ಮಾಳಿಗಿ ಮ್ಯಾಲಿನ ಆ ಸಿಮೆಂಟ್ ಕಿತ್ತು ಒಗದ್ರ ನಮ್ಮ ಕಾರ್ಬನ್ ಎಷ್ಟ ಕಡಿಮಿ ಆಗ್ತದ ಹೇಳ್ರಿ."

"ಕಡಿಮೆ ಆಗಲ್ಲ ಸರ್. ಅದರ ಎಮಿಶನ್ ಆಗಿಹೋಗಿದೆ. ಚೆನ್ನಾಗಿರೋದನ್ನ ಕಿತ್ತು ಮತ್ತೆ ಮಾಡಿದ್ರೆ ಇನ್ನಷ್ಟು ಸೇರತ್ತೆ. ಬಿಟ್ಬಿಡೋದೇ ಬೆಟರ್."

"ಬಾಯಾರ, ಇವ್ರಿಗೊಂದು ಸ್ಪೆಶಲ್ ಚಹಾ ಹೇಳ್ರಿ," ಎಂದರು ಎಂಜಿನಿಯರ್ ಸಾಹೇಬರು. ಅಷ್ಟು ವರ್ಷಗಳಲ್ಲಿ ಅವರು ಯಾರಿಗಾದರೂ ಚಹಾ ಹೇಳಿಸಿದ್ದನ್ನು ನಾನು ಕಂಡಿರಲಿಲ್ಲ.

ಕಾಕಾ ಎದ್ದು ಹೊರಟೇಬಿಟ್ಟರು. ನಾನು ಅಂಗಳದವರೆಗೆ ಬೆನ್ನು ಹತ್ತಿದೆ. "ನಾ ಬಿಡ್ತೀನಿ ತಂಗಿ ಈ ಟ್ರಸ್ಟ್. ಸಿಮೆಂಟಿಗೆ ಮಾನ, ಬೆಲ್ಲಕ್ಕ ಪಂಚನಾಮಿ. ಸಾಕಾತು ನನಗ."

ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಬಿಡ್ರಿ ಕಾಕಾ. ಬಿಟ್ಟು ಮನ್ಯಾಗ ಸೊಸಿ ಜೋಡಿ ಕುಂತು ಮರಾಠಿ ಧಾರಾವಾಹಿ ನೋಡ್ರಿ. ಯಾರ ಜೋಡಿ ಮಾತಾಡ್ತೀರಿ? ಟಿವಿ ಜೋಡಿ? ಸಾಹೇಬ್ರನ್ನ ಬಯ್ಯಾಕರ ಇಲ್ಲಿ ಬರ್ತಿದ್ರಿ. ಅದೂ ಹೋಗ್ಲಿ," ಎಂದೆ. ಅಂದ ಮೇಲೆ ಹೆಚ್ಚಾಯಿತೇನೋ ಅನ್ನಿಸಿತು. ಕಾಕಾ ಚಪ್ಪಲಿಗೆ ಕಾಲು ತೂರಿಸುತ್ತಿದ್ದವರು ಹಾಗೆಯೇ ನಿಂತರು. ಅವರ ಮುಖ ಅಳುವ ಮಗುವಿನದಾಗಿತ್ತು.

ತೂರಿಸಿದ ಕಾಲನ್ನು ಹೊರಗೆಳೆದು, "ಮಳಿಗಾಲದೊಳಗ ಮಾಳಿಗಿ ಆಗ್ಲೇಬೇಕಲ್ಲ?" ಎಂದರು. ಆಗಲೇಬೇಕು ಎಂದೆ. "ಕಾರಿನ್ಯಾಗ ಜೋಡಿ ಕುಂದ್ರಂಗಿಲ್ಲ ಅಂದೀನಿ, ಅದು ಮುಗೀತು. ಆದ್ರ ರೈಲಿನ್ಯಾಗ ಯಾರ ಬಾಜೂಕ ಯಾರರ ಕುಂದ್ರತಾರ. ಅದು ಜೋಡಿ ಹೋದಂಗ ಆಗೂದಿಲ್ಲ." ವ್ಯಾಪಾರಿಯ ತಲೆ. ಆಣೆಯೂ ಉಳಿಯಬೇಕು, ಮಾಳಿಗೆಯೂ ಉಳಿಯಬೇಕು. ನಾನು ಓಡಿಹೋಗಿ ಒಳಗೆ ಹೇಳಿದೆ. ಎಂಜಿನಿಯರ್ ಸಾಹೇಬರು, "ರೈಲು ಸರಕಾರದ್ದು, ಯಾರ ಬಂದ್ರೂ ನಂದೇನು," ಎಂದರು. ದೂರದ ಸೈಟಿಗೆ ಇನ್ನು ಮೇಲೆ ಲೋಕಲ್ ರೈಲಿನಲ್ಲೇ ಹೋಗುವುದೆಂದು ನಮ್ಮ ಮೊದಲ ಹವಾಮಾನ ಗುರಿ ಹೀಗೆ ಗೊತ್ತಾಯಿತು.

ಆ ವಾರವೇ ಲೋಣಾವಳಾದ ಛತ್ರ ನೋಡಲು ಹೊರಟೆವು. ಪುಣೆ ಸ್ಟೇಷನ್ನಿನಲ್ಲಿ ಸೀಟು ಸಿಕ್ಕಿತು: ಕಿಟಕಿಗೆ ಎಂಜಿನಿಯರ್ ಸಾಹೇಬರು, ಈ ತುದಿಗೆ ಕಾಕಾ, ನಡುವೆ ನಾನು. "ಕಿಟಕಿ ತಗೀಲಿಕ್ಕೆ ಹೇಳು ತಂಗಿ." "ಧೂಳು ಬರ್ತದ ಅಂತ ಹೇಳ್ರಿ ಬಾಯಾರ." ಹೀಗೆ ನಡೆದಿತ್ತು. ಶಿವಾಜಿನಗರದಲ್ಲಿ ಮಂದಿ ನುಗ್ಗಿದರು. ಕಂಕುಳಲ್ಲಿ ಕೂಸು ಇದ್ದ ಒಬ್ಬಳು ಬಂದು ನಿಂತಳು. ನಾನು ಎದ್ದು ಜಾಗ ಕೊಟ್ಟೆ. ಅವಳು ತುದಿಗೆ ಕೂರುವವಳಂತೆ "ಕಾಕಾ, ಥೋಡಂ ಸರಕಾ ನಾ" ಎಂದಳು. ಕಾಕಾ ಸರಿಯಲೇಬೇಕಾಯಿತು. ಸರಿದರು, ಸರಿದು ಹೋಗಿ ಎಂಜಿನಿಯರ್ ಸಾಹೇಬರ ತೊಡೆಗೆ ತೊಡೆ ತಾಗಿಸಿ ಕುಳಿತರು. ಅಷ್ಟರಲ್ಲಿ ಹಿಂದಿನಿಂದ ಬಂದ ಮಂದಿ ನನ್ನನ್ನು ಎತ್ತಿಕೊಂಡಂತೆ ಬಾಗಿಲ ತನಕ ಒಯ್ದುಬಿಟ್ಟರು.

ಖಡಕಿ ದಾಟಿರಬೇಕು, ತಲೆಗಳ ಆಚೆಯಿಂದ ಕಾಕಾರ ದನಿ ಬಂತು. "ತಂಗೀ! ಅವರ ಕಾಲು ನನ್ನ ಕಾಲಿನ ಮ್ಯಾಲ ಅದ ಅಂತ ಹೇಳು!"

ನಾನು ಕಿರುಚಿದೆ, "ಸಾಹೇಬ್ರ! ನಿಮ್ಮ ಕಾಲು ಕಾಕಾ ಅವರ ಕಾಲಿನ ಮ್ಯಾಲ ಅದ ಅಂತ್ರಿ!"

"ಅವರ ಚೀಲ ನನ್ನ ಮೊಣಕಾಲಿಗೆ ಒತ್ತಾಕತ್ತದ ಅಂತ ಹೇಳ್ರಿ!"

ಡಬ್ಬಿಯೆಲ್ಲ ನಮ್ಮತ್ತ ತಿರುಗಿತು. ಪಕ್ಕದಲ್ಲಿದ್ದ ಒಬ್ಬರು ಮರಾಠಿಯಲ್ಲಿ ಕಳ್ಳತನವಾಯಿತೇ ತಾಯಿ ಎಂದು ಕೇಳಿದರು. ಕಳ್ಳತನವಲ್ಲ, ಆ ಇಬ್ಬರು ಹಿರಿಯರು ಮಾತು ಬಿಟ್ಟಿದ್ದಾರೆ ಎಂದೆ. ಯಾಕೆ, ಆಸ್ತಿಯದೇ? ಅಲ್ಲ, ಸಿಮೆಂಟಿನದು. ಅದನ್ನು ಅವರು ಮುಂದಿನವರಿಗೆ ಹೇಳಿದರು, ಮುಂದಿನವರು ಅವರ ಮುಂದಿನವರಿಗೆ. ದಾಪೋಡಿ ಬರುವಷ್ಟರಲ್ಲಿ ಡಬ್ಬಿಯಲ್ಲಿ ಸಿಮೆಂಟ್ ಒಳ್ಳೆಯದೋ ಸುಣ್ಣ ಒಳ್ಳೆಯದೋ ಎಂದು ಎರಡು ಪಂಗಡ ಆಗಿಬಿಟ್ಟಿದ್ದವು. ಕೊನೆಗೆ ಮೇಲಿನ ಹಿಡಿಕೆಗೆ ಜೋತುಬಿದ್ದಿದ್ದ ಒಬ್ಬ ನಮ್ಮ ಕಡೆಯ ಮನುಷ್ಯ, ಕಟ್ಟಡದ ಕೆಲಸಕ್ಕೆ ಹೊರಟವನು, ತಡೆಯಲಾರದೆ ಬಾಯಿ ಹಾಕಿದ.

"ಅಜ್ಜಾರ, ಬಾಜೂ ಬಾಜೂಕ ಕುಂತೀರಿ. ಬಾಯಿನೂ ಅದ, ಕಿವಿನೂ ಅದ. ಆ ಅಕ್ಕಾರ ಗಂಟಲಾ ಯಾಕ ಹರೀತೀರಿ?"

ಅವನು ಅಂದದ್ದು ಅರ್ಥವಾದವರು ನಕ್ಕರು, ಅರ್ಥವಾಗದವರೂ ನಕ್ಕರು. ಕೂಸು ಸಹ ನಕ್ಕಿತು. ಕಾಕಾ ಕೆಂಪಗಾಗಿ ಎಂಜಿನಿಯರ್ ಸಾಹೇಬರ ಕಡೆ ತಿರುಗಿದರು.

"ಕಾಲು ತಗೀರಿ."

"ತಗೀತೀನಿ. ಆದ್ರ ಸಿಮೆಂಟ್ ಹಾಕಿದ್ದು ತಪ್ಪು ಅನ್ನಂಗಿಲ್ಲ ಮತ್ತ."

"ತಪ್ಪಲ್ಲೇನು? ನಾ ಬರೂತನಕ ಒಂದ ಬಕೀಟ ಇಟ್ಟಿದ್ರ ಆಗ್ತಿದ್ದಿಲ್ಲೇನು?"

"ಬಕೀಟ ಎಲ್ಲಿ ಇಡೂದ್ರಿ? ನೀರು ನಿಮ್ಮಪ್ಪನ ಫೋಟೋದ ಮ್ಯಾಲ ಇಳೀತಿತ್ತು!"

ನನಗೂ ಇದು ಗೊತ್ತಿರಲಿಲ್ಲ. ಧರ್ಮಶಾಲೆಗೆ ದಾನ ಕೊಟ್ಟವರ ಸಾಲಿನಲ್ಲಿ ಕಾಕಾರ ತಂದೆಯ ಫೋಟೋ ಇರುವುದು ನಿಜ. ಆದರೆ ಕಾಕಾ ಸೋಲುವ ಜೀವ ಅಲ್ಲ. "ಫೋಟೋ ತಗದ ಇಡಬೇಕಾಗಿತ್ತು."

"ಹ್ಯಾಂಗ ತಗೀಬೇಕು? ನೀವ ನಿಂತು ಹೊಡಿಸೀರಿ, ಗ್ವಾಡಿಯೊಳಗ ಗೇಣುದ್ದ ಮೊಳಿ! ಹಳೀ ಸುಣ್ಣದ ಗ್ವಾಡಿ, ಜಗ್ಗಿದ್ರ ಗ್ವಾಡೀನ ಕೈಗೆ ಬರ್ತಿತ್ತು. ನಂದು ಸಿಮೆಂಟಿನ ಪಾಪ ಆದ್ರ ನಿಮ್ಮದು ಮೊಳಿ ಪಾಪ!"

ಹಳೆಯ ಗೋಡೆಗೆ ಮೊಳೆ ಹೊಡೆದ ಗೌಂಡಿಗಳನ್ನು ಕಾಕಾ ಸೈಟಿನಿಂದ ಓಡಿಸಿದ್ದನ್ನು ನಾನೂ ಎಂಜಿನಿಯರ್ ಸಾಹೇಬರೂ ಕಂಡವರು. ಕಾಕಾರ ಹೊಟ್ಟೆ ನಗೆಯಿಂದ ಕುಲುಕತೊಡಗಿತು. "ನಮ್ಮಪ್ಪ ಭಾಳ ತೂಕದ ಮನಷ್ಯಾ ಇದ್ದ, ಸಣ್ಣ ಮೊಳಿಗೆ ನಿಂದರತಿದ್ದಿಲ್ಲ," ಎಂದರು. ಎಂಜಿನಿಯರ್ ಸಾಹೇಬರು ಹೋ ಎಂದು ನಕ್ಕರು. ಬಾಗಿಲ ಬಳಿ ನಿಂತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದು ಎಂದು ಹೇಳಿ ಒರೆಸಿಕೊಳ್ಳಲು ಸೆರಗೂ ಸಿಗದಷ್ಟು ಗದ್ದಲ.

ಮುಂದೆ ಪಿಂಪ್ರಿ, ತಳೇಗಾಂವ, ಕಾಮಶೇತ ಎಲ್ಲ ಬಂದುಹೋದವು. ಅವರು ಜಗಳ ನಿಲ್ಲಿಸಲಿಲ್ಲ. ಸಿಮೆಂಟಿನಿಂದ ಹೊರಟು ಊರಿನ ಹಳೆಯ ಚುನಾವಣೆಗೆ ಹೋದರು, ಅಲ್ಲಿಂದ ಯಾರದೋ ಎಮ್ಮೆಗೆ. ಲೋಣಾವಳಾದಲ್ಲಿ ರೈಲು ಖಾಲಿಯಾಯಿತು. ನಾನು ಹೋಗಿ ಇಳಿಯಿರಿ ಎಂದರೆ ಇಬ್ಬರೂ ಒಟ್ಟಿಗೆ, "ತಡಿ, ಮಾತು ಮುಗೀಲಿ," ಎಂದು ನನ್ನ ಮೇಲೆಯೇ ರೇಗಿದರು. ಕಸಬರಿಗೆ ಹಿಡಿದು ಬಂದವಳು ಕಾಲಡಿ ಗುಡಿಸತೊಡಗಿದ ಮೇಲೆಯೇ ಎದ್ದದ್ದು.

ಮಳೆಗಾಲಕ್ಕೆ ಮೊದಲು ಮಾಳಿಗೆ ಆಯಿತು. ಸುಣ್ಣ, ಬೆಲ್ಲ, ಅಳಲೆಕಾಯಿಯ ಗಚ್ಚು. ನಡುವೆ ಆ ಸಿಮೆಂಟಿನ ತೇಪೆ ಹಾಗೆಯೇ ಉಳಿಯಿತು. ಮರುವರ್ಷ ಬೇಸಿಗೆಯ ಹೊತ್ತಿಗೆ ಇಬ್ಬರೂ ಕೂಡಿ ನನಗೊಂದು ಎಸಿ ತಂದುಕೊಟ್ಟರು. ನಮ್ಮ ಕೋಣೆ ಏಪ್ರಿಲ್‌ನಲ್ಲಿ ಒಲೆಯಂತೆ ಕಾಯುತ್ತದೆ, ನಾನು ವರ್ಷಗಟ್ಟಲೆ ಬೇಡಿಕೊಂಡರೂ ಹಳೆಯ ಕಟ್ಟಡ ಎಂದು ಕೊಟ್ಟಿರಲಿಲ್ಲ. ಈಗ ಕಿಟಕಿಯಲ್ಲಿ ಕೂರುವಂಥದ್ದನ್ನು ಹುಡುಕಿ, ಗೋಡೆಗೆ ಒಂದು ಮೊಳೆಯೂ ಬೀಳದಂತೆ ತಾವೇ ನಿಂತು ಹಾಕಿಸಿದರು. "ನಮ್ಮಿಬ್ಬರ ನಡುವ ಓಡಾಡಿ ಭಾಳ ದಣದಾಳ," ಎಂದರು ಕಾಕಾ. ತಂಪು ಗಾಳಿಯ ಮುಂದೆ ಕುಳಿತು ನಾನು ರಾಣಿಯಂತೆ ಪತ್ರ ಬರೆಯತೊಡಗಿದೆ.

ಆಮೇಲೆ ಆ ಹುಡುಗಿ ವರ್ಷದ ಲೆಕ್ಕಕ್ಕೆಂದು ಬಂದಳು. ಕೂಡಿಸಿದಳು, ಇನ್ನೊಮ್ಮೆ ಕೂಡಿಸಿದಳು. "ಮೇಡಂ, ಏನಾಗಿದೆ ಇಲ್ಲಿ? ಎರಡು ಕಾರು ಒಂದಾಗಿದೆ, ರೈಲಲ್ಲಿ ಹೋಗ್ತಿದೀರಾ. ಆದ್ರೂ ಟ್ರಾವೆಲ್ ಮೊದಲಿಗಿಂತ ಜಾಸ್ತಿ ಆಗಿದೆ!"

ಆಗಿತ್ತು. ಕಾಕಾ ತಮ್ಮ ಆಣೆ ಮರೆತ ಮೇಲೆ ಹೊರಡುತ್ತಿದ್ದದ್ದು ಒಂದೇ ಕಾರು, ಆದರೆ ಅದು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಲ್ಲ ಆರಿಸಲು ಇಬ್ಬರೂ ಖುದ್ದಾಗಿ ಕೊಲ್ಲಾಪುರಕ್ಕೆ, ಯಾರೂ ಕರೆಯದ ಹಳೆಯ ಬಾವಿಗಳನ್ನು ನೋಡಲು ಊರೂರಿಗೆ, ರೈಲು ತಪ್ಪಿತೆಂದು ಕಾರಿನಲ್ಲಿ ಲೋಣಾವಳಾಕ್ಕೆ. ರೈಲು ತಪ್ಪುವುದು ಮಾತಿನ ಭರದಲ್ಲಿ. ಈ ನಡುವೆ ಕಾಕಾ ಮೈಕೈ ತುಂಬಿಕೊಂಡಿದ್ದರು, ದನಿ ಗಲ್ಲಿಯ ಆ ತುದಿಗೆ ಕೇಳುತ್ತಿತ್ತು.

"ಇದ್ರಲ್ಲಿ ಏನಾದ್ರೂ ಕಟ್ ಮಾಡ್ಲೇಬೇಕು ಮೇಡಂ. ಇಲ್ಲಾಂದ್ರೆ ಗುರಿ ಮುಟ್ಟಲ್ಲ. ಈ ಕಾರಿನ ಟ್ರಿಪ್ಸ್..."

"ಅದನ್ನ ಮುಟ್ಟಬ್ಯಾಡ," ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. "ಅದರಾಗ ಒಂದ ಹರದಾರಿನೂ ಕಡಿಮಿ ಆಗೂದಿಲ್ಲ. ಬ್ಯಾರೆ ಏನರ ತಗಿ."

ಅವಳು ಸುತ್ತ ನೋಡಿದಳು. ಕೋಣೆಯಲ್ಲಿ ತೆಗೆಯುವಂಥದ್ದು ಒಂದೇ ಇತ್ತು. ನಾನೂ ಅದನ್ನೇ ನೋಡಿದೆ. ಎದ್ದು ಹೋಗಿ ಎಸಿ ಆರಿಸಿದೆ, ಹಳೆಯ ಫ್ಯಾನು ಹಾಕಿದೆ. ಅಷ್ಟರಿಂದಲೇ ಗುರಿ ಮುಟ್ಟುವುದಿಲ್ಲ ಎಂದಳು. ಮುಟ್ಟುವಷ್ಟು ಮುಟ್ಟಲಿ ಎಂದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ಬಿಸಿಲಿನಿಂದ ಒಳಗೆ ಬಂದರು. ನಾನು ಬೆವರಿನಲ್ಲಿ ತೊಯ್ದು ಕುಳಿತಿದ್ದೆ.

"ಇದೇನ ತಂಗಿ, ಎಸಿ ಯಾಕ ಹಚ್ಚಿಲ್ಲ?" ಎಂದರು ಕಾಕಾ.

"ಕಾರ್ಬನ್ ಆಗ್ತದ್ರಿ ಕಾಕಾ."

ಎಂಜಿನಿಯರ್ ಸಾಹೇಬರು ಕಾಕಾರ ಭುಜ ತಟ್ಟಿದರು. "ನೋಡ್ರಿ, ಇದಕ್ಕ ಅಂತಾರ ಶಿಸ್ತು. ಬಾಯಾರನ್ನ ನೋಡಿ ಕಲೀರಿ."

"ನೀವು ಕಲೀರಿ ಮೊದಲ," ಎಂದರು ಕಾಕಾ. ಹೀಗೆ ಯಾರು ಕಲಿಯಬೇಕೆಂದು ಜೋರಾಗಿ ಜಗಳಾಡುತ್ತ, ಕಾರಿನ ಬಾಗಿಲು ಧಡಾರನೆ ಹಾಕಿಕೊಂಡು, ಅವರಿಬ್ಬರೂ ಲೋಣಾವಳಾಕ್ಕೆ ಹೊರಟುಹೋದರು.